ಪರವಾನಗಿ ಇದ್ದರೂ ಬಂದೂಕು ಕಾಣುವಂತಿಲ್ಲ: ಅವಳಿ ನಗರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸುವ ಕುಟುಂಬಗಳಿಗಾಗಿ ನಮ್ಮ ಸಂಘವು ನೀರಿನ ಸರದಿ, ಗ್ಯಾಸ್ ಸಂಪರ್ಕ, ಶಾಲೆಯ ಪ್ರವೇಶ, ಬಾಡಿಗೆ ಕರಾರುಪತ್ರ ಮುಂತಾದ ವಿಷಯಗಳ ಬಗ್ಗೆ ಬರೆದುಕೊಡುವುದು ರೂಢಿ. ಬಂದೂಕಿನ ಬಗ್ಗೆಯೂ ಬರೆಯಬೇಕಾದೀತೆಂದು ನಾವು ಎಣಿಸಿರಲಿಲ್ಲ. ಆದರೆ ಬರುವವರಲ್ಲಿ ನಿವೃತ್ತ ಯೋಧರಿದ್ದಾರೆ, ಅಮೆರಿಕದಲ್ಲಿ ಬಹಳ ವರ್ಷ ಇದ್ದು ಮರಳಿದವರಿದ್ದಾರೆ, ಉತ್ತರದ ರಾಜ್ಯಗಳಿಂದ ವರ್ಗವಾಗಿ ಬಂದವರಿದ್ದಾರೆ, ಕೊಡಗಿನವರೂ ಇದ್ದಾರೆ. ಒಬ್ಬೊಬ್ಬರ ತಲೆಯಲ್ಲಿಯೂ ಅವರವರು ಬಿಟ್ಟು ಬಂದ ಊರಿನ ರೂಢಿಯೇ ಕಾನೂನಾಗಿ ಕುಳಿತಿರುತ್ತದೆ. ಪರವಾನಗಿ ಇದ್ದವರು ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಪೇಟೆಗೆ ಹೋಗಬಹುದಲ್ಲವೇ ಎಂದು ಕೇಳುವವರಿಗೆ ನಾವು ಕೊಡುವ ಉತ್ತರ ಇದು: ಪರವಾನಗಿಯಲ್ಲಿ ಅದಕ್ಕೆ ಅವಕಾಶವಿದ್ದರೆ ಒಯ್ಯಬಹುದು, ಆದರೆ ಅದು ಯಾರ ಕಣ್ಣಿಗೂ ಬೀಳಬಾರದು.

ನಮ್ಮ ದೇಶದಲ್ಲಿ ಈ ವಿಷಯವನ್ನು ಆಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ಅಡಿಯಲ್ಲಿ ಮಾಡಿದ 2016ರ ಶಸ್ತ್ರಾಸ್ತ್ರ ನಿಯಮಗಳು. ನಿಯಮಗಳಲ್ಲಿ 32ನೆಯದು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಒಯ್ಯುವ ಬಗೆಯನ್ನೇ ಹೇಳುತ್ತದೆ. ಪಿಸ್ತೂಲು ಅಥವಾ ರಿವಾಲ್ವರ್ ಆದರೆ ಮೈಗೆ ಕಟ್ಟಿಕೊಂಡ ಹೋಲ್‌ಸ್ಟರಿನಲ್ಲಿ (ಪಿಸ್ತೂಲಿನ ಒರೆಯಲ್ಲಿ) ಅಥವಾ ಬೆನ್ನುಚೀಲದಂಥ ಚೀಲದಲ್ಲಿ ಇರಬೇಕು. ಉದ್ದನೆಯ ಬಂದೂಕಾದರೆ ಅದಕ್ಕೆಂದೇ ಮಾಡಿದ ಗವಸಿನಲ್ಲಿರಬೇಕು. ಯಾವುದೇ ಆದರೂ ಪೂರ್ಣವಾಗಿ ಮುಚ್ಚಿರಬೇಕು ಮತ್ತು ಒಯ್ಯುವವನ ಹತೋಟಿಯಲ್ಲಿರಬೇಕು. ಹೋಲ್‌ಸ್ಟರಿನಲ್ಲಿದ್ದರೆ ಸಾಕೆಂದು ತಿಳಿದವರು ಬಹಳ. ಅಂಗಿಯನ್ನು ಒಳಗೆ ಸೇರಿಸಿ, ಬೆಲ್ಟಿನ ಪಕ್ಕದಲ್ಲಿ ಹಿಡಿಕೆ ಕಾಣುವಂತೆ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ನಡೆದುಹೋದರೆ, ಪರವಾನಗಿ ಎಷ್ಟು ಸರಿಯಾಗಿದ್ದರೂ ನಿಯಮ ಮುರಿದಂತೆಯೇ ಆಯಿತು. ಕೈಗೆತ್ತಿಕೊಂಡು ಝಳಪಿಸುವುದಂತೂ ಸಂಪೂರ್ಣ ನಿಷಿದ್ಧ. ಪರವಾನಗಿಯ ಷರತ್ತನ್ನು ಮೀರಿದ್ದಕ್ಕೆ ಕಾಯ್ದೆಯ 30ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ದಂಡದ ಮೊತ್ತ ನೋಡಿ ನಕ್ಕವರನ್ನು ನಾವು ಕಂಡಿದ್ದೇವೆ. ನಿಜವಾದ ಪೆಟ್ಟು ಪರವಾನಗಿಯೇ ರದ್ದಾಗುವುದು.

ಅಮೆರಿಕದಿಂದ ಮರಳಿದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಅಲ್ಲಿ ಶಸ್ತ್ರ ಹೊಂದುವುದು 1791ರ ಎರಡನೇ ತಿದ್ದುಪಡಿಯಿಂದ ಬಂದ ಸಂವಿಧಾನದ ಹಕ್ಕು, ಒಯ್ಯುವ ಬಗೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ 2016ರ ಜನವರಿಯಿಂದ ಪರವಾನಗಿ ಇದ್ದವರು ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿ ಕಾಣುವಂತೆ ಒಯ್ಯಬಹುದಾಯಿತು, 2021ರ ಸೆಪ್ಟೆಂಬರಿನಿಂದ ಅರ್ಹರಾದ ಬಹುಪಾಲು ವಯಸ್ಕರಿಗೆ ಆ ಪರವಾನಗಿಯೂ ಬೇಕಿಲ್ಲದಾಯಿತು. ಇಲಿನಾಯ್‌ನಲ್ಲಿಯಾದರೆ ಪರವಾನಗಿ ಪಡೆದು ಮರೆಯಾಗಿ ಒಯ್ಯಬೇಕೇ ಹೊರತು ತೋರಿಸುವಂತಿಲ್ಲ. ನಮ್ಮ ಸಂವಿಧಾನದಲ್ಲಿ ಅಂಥ ಹಕ್ಕೇ ಇಲ್ಲ. ಸಭೆ ಸೇರುವ ಹಕ್ಕನ್ನು ಕೊಡುವ 19ನೇ ವಿಧಿಯಲ್ಲಿ ಶಾಂತಿಯಿಂದ, ಆಯುಧಗಳಿಲ್ಲದೆ ಎಂಬ ಮಾತನ್ನು ಹಕ್ಕಿನ ಒಡಲಿನಲ್ಲಿಯೇ ಸೇರಿಸಿದ್ದಾರೆ. ಆಯುಧದ ವಿಷಯಕ್ಕೆ ವಿನಾಯಿತಿಯಂತಿರುವುದು ಸಿಖ್ಖರ ಕೃಪಾಣ. ಅದಕ್ಕೆ 25ನೇ ವಿಧಿಯ ವಿವರಣೆಯಲ್ಲಿ ಸ್ಥಾನವಿದೆ.

ಈ ಭಾಗದವರಿಗೆ ಹತಾರ ಎಂಬ ಪದವೂ, ಹತಾರ ಒಪ್ಪಿಸಿರಿ ಎಂಬ ಸರಕಾರಿ ಆಜ್ಞೆಯೂ ಹೊಸತಲ್ಲ. 1857ರಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನು ಕಸಿಯಲು ಹೊರಟಾಗ ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡಲೊಲ್ಲೆವೆಂದು ನಿಂತು ಹೋರಾಡಿ ಮಡಿದರು. ಮರುವರ್ಷ ಗದಗ ಜಿಲ್ಲೆಯ ನರಗುಂದದ ಬಾಬಾಸಾಹೇಬರೂ ಮುಂಡರಗಿಯ ಭೀಮರಾಯರೂ ಬಂಡೆದ್ದರು. ಆ ಅಭಿಮಾನ ನಮಗೂ ಇದೆ. ಆದರೆ ಅದನ್ನು ಉಲ್ಲೇಖಿಸಿ ಪೊಲೀಸ್ ಠಾಣೆಯಲ್ಲಿ ವಾದ ಮಾಡಲು ಬರುವುದಿಲ್ಲ. ಬ್ರಿಟಿಷರ 1878ರ ಕಾಯ್ದೆಯನ್ನು ತೆಗೆದು 1959ರ ಕಾಯ್ದೆಯನ್ನು ತಂದದ್ದು ನಮ್ಮದೇ ಸಂಸತ್ತು.

ಪರವಾನಗಿ ಇರುವವರು ಊರು ಬದಲಿಸಿದಾಗ

ಅವಳಿ ನಗರದ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿ ಶಸ್ತ್ರ ಪರವಾನಗಿಯ ಅಧಿಕಾರ ಪೊಲೀಸ್ ಆಯುಕ್ತರದು. ಧಾರವಾಡ ಜಿಲ್ಲೆಯ ಉಳಿದ ತಾಲೂಕುಗಳಲ್ಲಿ, ಗದಗ ಮತ್ತು ಹಾವೇರಿಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳದು. ಬೇರೆ ಊರಿನಲ್ಲಿ ಪಡೆದ ಪರವಾನಗಿಯೊಡನೆ ಇಲ್ಲಿಗೆ ವಾಸ ಬದಲಿಸಿದವರು ಮೂವತ್ತು ದಿನಗಳ ಒಳಗೆ ಪರವಾನಗಿ ಕೊಟ್ಟ ಅಧಿಕಾರಿಗೂ ಇಲ್ಲಿಯ ಅಧಿಕಾರಿಗೂ ಲಿಖಿತವಾಗಿ ತಿಳಿಸಬೇಕು. ಸಾಮಾನು ಸರಂಜಾಮು ಇಳಿಸುವ ಗದ್ದಲದಲ್ಲಿ ಈ ಮೂವತ್ತು ದಿನಗಳು ಹೇಗೆ ಜಾರಿಹೋಗುತ್ತವೆ ಎಂಬುದು ಮನೆ ಬದಲಿಸಿದವರಿಗೆಲ್ಲ ಗೊತ್ತು. ಆದ್ದರಿಂದ ಆಧಾರ್ ವಿಳಾಸ ಬದಲಿಸುವ ಮೊದಲೇ ಇದನ್ನು ಮುಗಿಸಿಕೊಳ್ಳಿರಿ. ಪರವಾನಗಿಯು ಯಾವ ಪ್ರದೇಶದವರೆಗೆ ಊರ್ಜಿತವೆಂದು ಅದರಲ್ಲಿಯೇ ಬರೆದಿರುತ್ತದೆ. ಒಂದೇ ರಾಜ್ಯಕ್ಕೆ ಸೀಮಿತವಾದ ಪರವಾನಗಿಯನ್ನು ಹಿಡಿದು ಇನ್ನೊಂದು ರಾಜ್ಯದಲ್ಲಿ ಬಂದೂಕು ಒಯ್ದರೆ ಅದು ಆ ಕಾಗದದ ರಕ್ಷಣೆಯ ಹೊರಗಿನ ಮಾತು.

2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಬಂದೂಕು ಒಯ್ಯುವಾಗ ಮೂಲ ಪರವಾನಗಿ ಜೊತೆಗಿರಲಿ; ಪೊಲೀಸ್ ಅಧಿಕಾರಿ ಕೇಳಿದರೆ ತೋರಿಸಬೇಕೆಂದು 19ನೇ ಕಲಮು ಹೇಳುತ್ತದೆ. ಪರವಾನಗಿ ವ್ಯಕ್ತಿಯದು, ಮನೆತನದ್ದಲ್ಲ. ಅಣ್ಣನ ಪಿಸ್ತೂಲನ್ನು ತಮ್ಮ ಒಯ್ಯುವಂತಿಲ್ಲ. ದುರಸ್ತಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರನದೇ ಬಳಕೆಗೆ ಕೊಂಡೊಯ್ಯುವಾಗ ಮಾತ್ರ, ಅದೂ ಅವನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅನುಮತಿಯೊಡನೆ, ಬೇರೊಬ್ಬರಿಗೆ ಅವಕಾಶವಿದೆ. ಪರವಾನಗಿಯೇ ಇಲ್ಲದೆ ಬಂದೂಕು ಅಥವಾ ಗುಂಡು ಹೊಂದಿದ್ದರೆ 25ನೇ ಕಲಮಿನಂತೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆ ಮತ್ತು ದಂಡ.

ಕೊಡಗಿನಿಂದ ಬಂದವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಕೋವಿಯನ್ನು ಧಾರವಾಡದ ಬಾಡಿಗೆ ಮನೆಗೆ ತರುವ ಮೊದಲು ವಿನಾಯಿತಿ ಪತ್ರದೊಡನೆ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿರಿ. ಇಲ್ಲಿಯ ನೆರೆಯವರಿಗೆ ಕೋವಿ ಎಂದರೆ ಕೈಲ್‌ಪೊಳ್ದ್ ಹಬ್ಬದ ಪೂಜೆ ನೆನಪಾಗುವುದಿಲ್ಲ.

ಪೆಟ್ಟಿಗೆಯ ಮೂಲೆಯ ಗುಂಡು, ತಂದೆಯ ಕಾಲದ ಬಂದೂಕು

ಹೊರದೇಶದಿಂದ ಬಂದವರು ಬಂದೂಕು ತರುವುದು ಅಪರೂಪ. ತರಬೇಕೆಂದರೆ 10ನೇ ಕಲಮಿನ ಆಮದು ಪರವಾನಗಿ ಮತ್ತು ಕಸ್ಟಮ್ಸ್ ನಿಯಮಗಳನ್ನು ವಿಮಾನ ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಹೆಚ್ಚಿನ ಸಂಕಟ ಬರುವುದು ಒಂದೇ ಒಂದು ಗುಂಡಿನಿಂದ. ಅಲ್ಲಿ ಗೆಳೆಯರೊಡನೆ ಗುರಿ ಅಭ್ಯಾಸಕ್ಕೆ ಹೋದಾಗ ಬಳಸಿದ ಚೀಲವನ್ನೇ ಇಲ್ಲಿ ವಿಮಾನ ಪ್ರಯಾಣಕ್ಕೂ ಬಳಸುತ್ತಾರೆ, ಅದರ ಪಕ್ಕದ ಜೇಬಿನಲ್ಲಿ ಉಳಿದಿದ್ದ ಜೀವಂತ ಗುಂಡು ತಪಾಸಣೆಯ ಯಂತ್ರದಲ್ಲಿ ಕಾಣುತ್ತದೆ, ಪ್ರಯಾಣ ನಿಲ್ಲುತ್ತದೆ, ಪ್ರಕರಣ ದಾಖಲಾಗುತ್ತದೆ. ಕಾಯ್ದೆಯ ಕಣ್ಣಿಗೆ ಗುಂಡಿಗೂ ಪರವಾನಗಿ ಬೇಕು. ಅರಿವಿನಿಂದ ಹೊಂದಿದ್ದರೆ ಮಾತ್ರ ಅಪರಾಧ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1972ರಷ್ಟು ಹಿಂದೆಯೇ ಹೇಳಿದೆ ಮತ್ತು ಇಂಥ ಎಷ್ಟೋ ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳು ರದ್ದುಪಡಿಸಿವೆ. ಆದರೆ ಅಲ್ಲಿಯವರೆಗೆ ಹೋಗಿ ಬರುವಷ್ಟರಲ್ಲಿ ವಕೀಲರ ಫೀಸು, ಪಾಸ್‌ಪೋರ್ಟಿನ ತಕರಾರು, ನೌಕರಿಗೆ ಬರುವ ಕುತ್ತು ಎಲ್ಲವನ್ನೂ ಅನುಭವಿಸಿಯಾಗಿರುತ್ತದೆ. ಊರಿಗೆ ಹೊರಡುವ ಮುನ್ನ ಚೀಲವನ್ನು ತಲೆಕೆಳಗಾಗಿಸಿ ಕೊಡವಿ ನೋಡಿರಿ. ನೆನಪಿಗೆಂದು ಕೀಲಿಗೊಂಚಲಿಗೆ ಗುಂಡು ಪೋಣಿಸಿಕೊಂಡು ಬರುವ ಹುಡುಗರಿಗೂ ಇದೇ ಮಾತು.

ಹಳ್ಳಿಯ ಮನೆಗೆ ಮರಳಿದವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ತಂದೆಯವರು ಬೆಳೆ ಕಾಯಲು ಇಟ್ಟುಕೊಂಡಿದ್ದ ಒಂಟಿನಳಿಗೆಯ ಬಂದೂಕು ಅಟ್ಟದ ಮೇಲೆ ಹಾಗೆಯೇ ಇರುತ್ತದೆ, ಪರವಾನಗಿ ಅವರೊಡನೆಯೇ ಮುಗಿದಿರುತ್ತದೆ. ಹೊಲ ವಾರಸಾಗಿ ಬಂದಂತೆ ಪರವಾನಗಿ ಬರುವುದಿಲ್ಲ. ಆ ಬಂದೂಕನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಶಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಟ್ಟು, ರಸೀದಿ ಪಡೆದು, ಬೇಕೆನಿಸಿದರೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಠಾಣೆಗೆ ಮೊದಲು ಫೋನ್ ಮಾಡಿ ತಿಳಿಸಿ, ಮರಣ ದಾಖಲೆಯನ್ನೂ ಹಳೆಯ ಪರವಾನಗಿಯನ್ನೂ ಕೈಯಲ್ಲಿಟ್ಟುಕೊಂಡು, ಬಂದೂಕನ್ನು ಅದರ ಗವಸಿನಲ್ಲಿ ಪೂರ್ತಿ ಮುಚ್ಚಿ ಒಯ್ಯುವುದು ಒಳ್ಳೆಯದು. ಅವರೇ ಮನೆಗೆ ಬರುತ್ತೇವೆಂದರೆ ಇನ್ನೂ ಒಳ್ಳೆಯದು.

ಗದಗ-ಹಾವೇರಿಯ ಹೊಲದಲ್ಲಿ ಪರವಾನಗಿ ಇರುವ ಬಂದೂಕಿಗೂ ಮೇರೆ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಗದಗದ ಕಪ್ಪತಗುಡ್ಡ ಅಭಯಾರಣ್ಯ ಇವುಗಳ ಒಳಗೆ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು ಹೇಳುತ್ತದೆ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂಬ 34ನೇ ಕಲಮು ಬಹಳ ಜನರಿಗೆ ತಿಳಿದೇ ಇಲ್ಲ. ಚಿಗರಿಗಳ (ಕೃಷ್ಣಮೃಗಗಳ) ಹಿಂಡು ಬೆಳೆ ಮೇಯುವ ಸಿಟ್ಟು ನಿಜವಾದದ್ದು. ಆದರೆ ಅವಳಿ ನಗರದ ಬಸ್ಸಿಗೆ ಹೆಸರು ಕೊಟ್ಟ ಆ ಪ್ರಾಣಿಗೆ ಗುಂಡಿಟ್ಟರೆ ಅದು ಬೆಳೆ ಕಾಯುವ ಪರವಾನಗಿಯಿಂದ ಮುಚ್ಚಿಹೋಗುವ ತಪ್ಪಲ್ಲ.

ಮದುವೆ, ಖಂಡೇನವಮಿ, ಚುನಾವಣೆ

ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದು ನಮ್ಮ ಭಾಗದ ಪದ್ಧತಿಯಲ್ಲ, ಆಗುವುದೂ ಬೇಡ. ಸಭೆ, ಧಾರ್ಮಿಕ ಸ್ಥಳ, ಮದುವೆ ಮುಂತಾದೆಡೆ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆಂದು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 2019ರಲ್ಲಿ ಹೊಸ ಉಪಕಲಮು ಸೇರಿದೆ, ಯಾರಿಗೂ ಗಾಯವಾಗಬೇಕೆಂದಿಲ್ಲ. ಖಂಡೇನವಮಿಗೆ ಮನೆಯೊಳಗೆ ಪರವಾನಗಿ ಇರುವ ಬಂದೂಕನ್ನು ಖಾಲಿ ಮಾಡಿ ಪೂಜೆಗಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ತೊಂದರೆ ಆರಂಭವಾಗುವುದು ಅದನ್ನು ಹಿಡಿದು ರಸ್ತೆಗೆ ಬಂದಾಗ, ಅಥವಾ ಅಕ್ಕನ ಮಗನ ಕೈಗೆ ಕೊಟ್ಟು ರೀಲ್ಸ್ ಮಾಡಿಸಿದಾಗ. ಹುಟ್ಟುಹಬ್ಬದ ಕೇಕನ್ನು ತಲವಾರದಿಂದ ಕತ್ತರಿಸಿ ವಿಡಿಯೊ ಹಾಕಿದವರ ಮೇಲೂ ರಾಜ್ಯದಲ್ಲಿ ಪ್ರಕರಣಗಳಾಗಿವೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿರುವ ಆಯುಧಗಳು, ಮನೆ ಮತ್ತು ಒಕ್ಕಲುತನದ ಸಾಧನಗಳನ್ನು ಬಿಟ್ಟು, ನಿಯಮಗಳ ಆಯುಧಪಟ್ಟಿಯಲ್ಲಿಯೇ ಇವೆ. ಕುಡಗೋಲು ಹೊಲಕ್ಕೆ ಹೋಗುವಾಗ ಸಾಧನವೇ ಸರಿ.

ಚುನಾವಣೆ ಘೋಷಣೆಯಾದಾಗ ಬಂದೂಕುಗಳನ್ನು ಠೇವಣಿ ಇಡುವಂತೆ ಆದೇಶ ಬರುತ್ತದೆ. ಗಡುವಿನೊಳಗೆ ಒಪ್ಪಿಸಿ ರಸೀದಿ ಜೋಪಾನ ಮಾಡಿರಿ. ಗಣೇಶ ವಿಸರ್ಜನೆ, ಹೋಳಿ ಮುಂತಾದ ಸಂದರ್ಭಗಳಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಬಂದೂಕು, ಖಡ್ಗ, ಬಡಿಗೆ ಏನನ್ನೂ ಒಯ್ಯಬಾರದೆಂಬ ಆಜ್ಞೆ ಹೊರಡಬಹುದು. ಪರವಾನಗಿ ಇದ್ದವರೂ ಅಂಥ ಆಜ್ಞೆಯ ಪ್ರಕಟಣೆಯನ್ನು ಓದಿಯೇ ಮನೆಯಿಂದ ಹೊರಡಬೇಕು.

ಕಣ್ಣಿಗೆ ಬಿದ್ದರೆ

ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆಯ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕುಳಿತ ಗನ್‌ಮ್ಯಾನನ್ನು ಕಂಡು ಹೊಸಬರ ಮಕ್ಕಳು ಬೆದರುವುದುಂಟು. ಅವನೂ, ಬಂದೋಬಸ್ತಿನ ಪೊಲೀಸರೂ ಕರ್ತವ್ಯದ ಮೇಲಿರುವವರು. ಅವರನ್ನು ಬಿಟ್ಟು ಬೇರೆ ಯಾರ ಸೊಂಟದಲ್ಲಾದರೂ, ಕಾರಿನ ಡ್ಯಾಶ್‌ಬೋರ್ಡಿನ ಮೇಲಾದರೂ ಬಂದೂಕು ಕಂಡರೆ ಎದುರು ನಿಂತು ಪ್ರಶ್ನಿಸಬೇಡಿರಿ, ಮೊಬೈಲು ಎತ್ತಿ ಚಿತ್ರೀಕರಿಸಲೂ ಹೋಗಬೇಡಿರಿ. ಮಕ್ಕಳನ್ನು ಕರೆದುಕೊಂಡು ದೂರ ಸರಿದು 112ಕ್ಕೆ ಕರೆಮಾಡಿರಿ. ಯಾವ ರಸ್ತೆ, ಯಾವ ಅಂಗಡಿಯ ಎದುರು, ಯಾವ ಬಣ್ಣದ ಅಂಗಿ, ವಾಹನದ ನಂಬರು ಏನು ಎಂಬಷ್ಟನ್ನು ಕನ್ನಡದಲ್ಲಿಯೇ ಹೇಳಿರಿ. ಅದು ನಿಜವಾದ ಪಿಸ್ತೂಲೋ ಜಾತ್ರೆಯಲ್ಲಿ ಕೊಂಡ ಆಟಿಗೆಯೋ ಎಂದು ನಿರ್ಧರಿಸುವ ಹೊಣೆ ಪೊಲೀಸರದು.