ಹ್ಯಾಮ್ ರೇಡಿಯೊಗೆ ನಾನು ಲಿನಕ್ಸ್ ಬಾಗಿಲಿನಿಂದ ಬಂದೆ

ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದು ಸ್ವಂತ ರೇಡಿಯೊದಲ್ಲಿ ದೂರದವರನ್ನು ಸಂಪರ್ಕಿಸುವುದು, ಎಲೆಕ್ಟ್ರಾನಿಕ್ಸ್ ಬಲ್ಲವರ ಹವ್ಯಾಸ, ಬೆಸುಗೆ ಹಾಕಲು ಬಾರದವನಿಗೆ ಅಲ್ಲೇನು ಕೆಲಸ ಎಂಬ ಅಂಜಿಕೆ ಬೆಂಗಳೂರಿನ ಸಾಫ್ಟ್‌ವೇರ್ ನೌಕರರಲ್ಲಿ ಬಹಳ ಇದೆ. ನನಗೂ ಇತ್ತು. ಇಳಿದ ಮೇಲೆ ಕಂಡದ್ದೇ ಬೇರೆ. ಇಂದಿನ ಸಾಧಾರಣ ರೇಡಿಯೊ ಮೇಜಿನ ಮೇಲೆ ಜೀವ ಹಿಂಡುವುದು ಟ್ರಾನ್ಸಿಸ್ಟರ್‌ಗಳಲ್ಲ. ಸೌಂಡ್ ಕಾರ್ಡ್, ಯುಎಸ್‌ಬಿ ಪೋರ್ಟ್ ಮತ್ತು ಗಡಿಯಾರ. ಮೂರೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಬಳಸುವವನಿಗೆ ಹಳೆಯ ಶತ್ರುಗಳು. ಹಾಗಾಗಿ ಅಂಥವನು ಆಗಲೇ ಅರ್ಧ ಹ್ಯಾಮ್ ಎಂದು ಧೈರ್ಯವಾಗಿ ಹೇಳುತ್ತೇನೆ.

ಉಳಿದರ್ಧಕ್ಕೆ ಪರವಾನಗಿ ಬೇಕು. ನಾನು ಪರೀಕ್ಷೆ ಬರೆದ ಕಾಲಕ್ಕೆ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಎಂಬ ಚುಕ್ಕೆ-ಗೆರೆಗಳ ಸಂಕೇತ ಕಳುಹಿಸಲೂ ಗುರುತಿಸಲೂ ಬರಬೇಕಿತ್ತು. ಇಬುಕ್2ಸಿಡಬ್ಲ್ಯು ಎಂಬ ಮುಕ್ತ ತಂತ್ರಾಂಶವೊಂದಿದೆ. ಯಾವುದೇ ಇಂಗ್ಲಿಷ್ ಪಠ್ಯ ಕೊಟ್ಟರೆ ಮೋರ್ಸ್ ಧ್ವನಿಯ ಎಂಪಿ3 ಮಾಡಿಕೊಡುತ್ತದೆ. ಅಕ್ಷರಗಳನ್ನು ವೇಗವಾಗಿಯೇ ಬಿಟ್ಟು, ಅವುಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿಕೊಂಡು ಮೊಬೈಲಿಗೆ ತುಂಬಿಕೊಂಡೆ. ಸಿಲ್ಕ್ ಬೋರ್ಡ್ ಬಳಿ ಬಸ್ಸು ನಿಂತಷ್ಟು ಹೊತ್ತೂ ಪಾಠ. ಆ ಸಂಚಾರ ದಟ್ಟಣೆಯಿಂದ ಉಪಕಾರವಾದ ವ್ಯಕ್ತಿ ನಾನೊಬ್ಬನೇ ಇರಬೇಕು.

ರೇಡಿಯೊ ಆರಿಸುವಾಗ ಹೆಚ್ಚು ಯೋಚಿಸಲಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು 2003ರಲ್ಲಿ ಬಿಟ್‌ಎಕ್ಸ್ ಎಂಬ ಟ್ರಾನ್ಸೀವರ್ (ಕಳುಹಿಸಲೂ ಕೇಳಲೂ ಬರುವ ರೇಡಿಯೊ) ವಿನ್ಯಾಸ ಮಾಡಿ, ಭಾರತದಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲೇ ಕಟ್ಟುವ ದಾರಿ ತೋರಿಸಿದರು. ಅದರ ಮುಂದಿನ ಪೀಳಿಗೆಯ ಮೈಕ್ರೊ-ಬಿಟ್‌ಎಕ್ಸ್ ನನ್ನದು. ಅದರ ಮಿದುಳು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಬೋರ್ಡ್, ಆವರ್ತನ ಹುಟ್ಟಿಸುವುದು ಎಸ್‌ಐ5351 ಚಿಪ್. ಸರ್ಕ್ಯೂಟ್ ನಕ್ಷೆ, ಕೋಡ್ ಎರಡೂ ಬಹಿರಂಗ. ಟ್ಯೂನಿಂಗ್ ಗುಂಡಿ ತಿರುಗಿಸಿದಾಗ ಆವರ್ತನ ಜಿಗಿಯುವ ರೀತಿ ನನಗೆ ಹಿಡಿಸಲಿಲ್ಲ. ಆ ಭಾಗದ ಕೋಡ್ ತೆರೆದು ನನ್ನ ಕೈಗೆ ಒಗ್ಗುವಂತೆ ಬದಲಿಸಿದೆ. ಇದಕ್ಕಿಂತ ಹಲವು ಪಟ್ಟು ಬೆಲೆಯ ರೇಡಿಯೊ ಇರುವ ಗೆಳೆಯರೊಬ್ಬರು ಗುಂಡಿಯ ಬಗ್ಗೆ ಇಂದಿಗೂ ಗೊಣಗುತ್ತಾರೆ, ಏನೂ ಮಾಡುವಂತಿಲ್ಲ.

ಕಂಪ್ಯೂಟರಿನ ಎದುರು ಮೈಕ್ರೊ-ಬಿಟ್‌ಎಕ್ಸ್ ತಾನು ಯಾಎಸು ಕಂಪನಿಯ ಎಫ್‌ಟಿ-817 ಎಂದು ಹೇಳಿಕೊಳ್ಳುತ್ತದೆ. ಆದ್ದರಿಂದ ಹ್ಯಾಮ್‌ಲಿಬ್ ಎಂಬ, ರೇಡಿಯೊಗಳನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ಕೋಡ್ ಸಂಗ್ರಹ ಅದನ್ನು ಸಲೀಸಾಗಿ ನಡೆಸುತ್ತದೆ. ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ (ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವವರ ಪಟ್ಟಿ) ಸೇರಿಸಿ, ಎಸ್.ಪಿ. ರಸ್ತೆಯಲ್ಲಿ ಕೊಂಡ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಸಿಕ್ಕಿಸಿದರೆ ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ, ಕ್ಷೀಣ ಸಂಕೇತಗಳನ್ನು ಓದುವ ತಂತ್ರಾಂಶ ಸಿದ್ಧ. ಇನ್ನೊಂದು ನಕ್ಷತ್ರದೊಂದಿಗೆ ಜೋಡಿಯಾಗಿ ಸುತ್ತುವ ಪಲ್ಸಾರ್ (ರೇಡಿಯೊ ಮಿಡಿತ ಸೂಸುವ ನಕ್ಷತ್ರ) ಕಂಡುಹಿಡಿದದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋ ಟೇಲರ್ ಅವರೇ ಈ ತಂತ್ರಾಂಶ ಆರಂಭಿಸಿದವರು. ಅವರೂ ಸ್ಟೀವ್ ಫ್ರಾಂಕ್ ಅವರೂ ಸೇರಿ 2017ರಲ್ಲಿ ಎಫ್‌ಟಿ8 ಎಂಬ, ಪುಟ್ಟ ಸಂದೇಶಗಳ ಡಿಜಿಟಲ್ ಕ್ರಮವನ್ನು ತಂದರು. ಸಂದೇಶ ಕೇವಲ 77 ಬಿಟ್, ಹಿಡಿಯುವ ಜಾಗ 50 ಹರ್ಟ್ಸ್, ಗದ್ದಲಕ್ಕಿಂತ ಸುಮಾರು 20 ಡೆಸಿಬಲ್ ಕೆಳಗಿದ್ದರೂ ಓದಬಹುದು. ಎಚ್ಚರ ಒಂದೇ: 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ಪೂರ್ತಿ ಶಕ್ತಿಯಲ್ಲೇ ಪ್ರಸಾರವಾಗುವುದರಿಂದ ರೇಡಿಯೊಗೆ ಪ್ರಸಾರ ಶಕ್ತಿ ಕೊಡುವ ಐಆರ್‌ಎಫ್510 ಟ್ರಾನ್ಸಿಸ್ಟರ್‌ಗಳು ಸುಡುವಷ್ಟು ಬಿಸಿಯಾಗುತ್ತವೆ. ಧ್ವನಿಮಟ್ಟ ತಗ್ಗಿಸಿ, ಒಂದು ಫ್ಯಾನ್ ಇಟ್ಟುಕೊಳ್ಳುವುದು ಒಳ್ಳೆಯದು.

ಆಂಟೆನಾಗೆ ತಾರಸಿಯಲ್ಲಿ ತಂತಿ. ಅರ್ಧ ತರಂಗದ ಡೈಪೋಲ್‌ಗೆ 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ಸಿಗುತ್ತದೆ, 14.1 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್. ನಡುವೆ ಬಂಬೂ ಬಜಾರಿನಿಂದ ತಂದ ಗಳ, ಎರಡೂ ತುದಿ ಇಳಿಜಾರಾಗಿ ಪ್ಯಾರಾಪೆಟ್‌ಗೆ. ಅದಕ್ಕೂ ಮೊದಲು ಎಕ್ಸ್‌ನೆಕ್2ಸಿ ಎಂಬ ಮುಕ್ತ ತಂತ್ರಾಂಶದಲ್ಲಿ ಮಾದರಿ ಮಾಡಿ ನೋಡಿದ್ದೆ. ಆ ಚಿತ್ರ ನಿಜವಾಗಿ ನೆರವಾದದ್ದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯವರನ್ನು ಒಪ್ಪಿಸಲು. ಬಣ್ಣದ ನಕ್ಷೆ ಕಂಡರೆ ಜನ ಕಾನೂನುಬದ್ಧ ಎಂದು ನಂಬುತ್ತಾರೆ. ಪರವಾನಗಿಯ ಪ್ರತಿಯನ್ನೂ ಕೊಟ್ಟಿದ್ದೆ, ಅವರು ಅದನ್ನು ತಿರುಗಿಸಿಯೂ ನೋಡಲಿಲ್ಲ.

ಗಡಿಯಾರದ ಕಥೆ ಸ್ವಲ್ಪ ಉದ್ದ. ಎಫ್‌ಟಿ8ರಲ್ಲಿ ಎಲ್ಲರೂ ನಿಮಿಷದ 0, 15, 30, 45ನೆಯ ಸೆಕೆಂಡಿಗೆ ಶುರುಮಾಡುತ್ತಾರೆ. ಸಮಯ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ ನಿಮ್ಮ ಮಾತು ಯಾರಿಗೂ ಕೇಳದು. ನಾನು ಬಳಸುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಮೊದಲ ಮಳೆಗೆ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗುತ್ತದೆ, ಬ್ರಾಡ್‌ಬ್ಯಾಂಡೂ ಜೊತೆಗೇ ಹೋಗುತ್ತದೆ. ಬ್ಯಾಟರಿಯ ಮೇಲೆ ಪೈ ಮತ್ತೆ ಎದ್ದಾಗ ತಾನು ಆರಿದ ಹೊತ್ತಿನಲ್ಲೇ ಇರುತ್ತದೆ. ವಿದ್ಯುತ್ತಿಲ್ಲದಾಗಲೂ ನಡೆಯಬೇಕಾದ ರೇಡಿಯೊ ಅಂತರಜಾಲದ ಗಡಿಯಾರವನ್ನು ನೆಚ್ಚಿಕೊಂಡರೆ ಏನು ಪ್ರಯೋಜನ?

ಯು-ಬ್ಲಾಕ್ಸ್ ನಿಯೋ-6ಎಂ ಎಂಬ ಜಿಪಿಎಸ್ ಮಾಡ್ಯೂಲ್ ತಂದು ಪೈನ ಸೀರಿಯಲ್ ಪಿನ್‌ಗಳಿಗೆ ಜೋಡಿಸಿದೆ. ಅದರ ಮಾತನ್ನು ಜಿಪಿಎಸ್‌ಡಿ ಎಂಬ ತಂತ್ರಾಂಶ ಕೇಳಿಸಿಕೊಂಡು ಕ್ರೋನಿ ಎಂಬ ಇನ್ನೊಂದಕ್ಕೆ ದಾಟಿಸುತ್ತದೆ, ಕ್ರೋನಿ ಗಡಿಯಾರ ತಿದ್ದುತ್ತದೆ. ಸೀರಿಯಲ್ ತಂತಿಯಲ್ಲಿ ಬರುವ ಸಮಯ ಸೆಕೆಂಡಿನ ಒಂದು ಪಾಲಿನಷ್ಟು ತಡವಾಗಿಯೇ ತಲಪುತ್ತದೆ. ಇಂಟರ್ನೆಟ್ ಇರುವಾಗ ಹೋಲಿಸಿ ನೋಡಿ ಆ ವ್ಯತ್ಯಾಸವನ್ನು ಕ್ರೋನಿಯ ಸೆಟ್ಟಿಂಗ್‌ನಲ್ಲಿ ಬರೆದಿಡಬೇಕು. ಮಾಡ್ಯೂಲಿನ ಪಿಪಿಎಸ್ (ಸೆಕೆಂಡಿಗೊಂದು ಮಿಡಿತ ಕೊಡುವ) ತಂತಿಯನ್ನೂ ಜೋಡಿಸಿದರೆ ಮೈಕ್ರೊಸೆಕೆಂಡುಗಳ ನಿಖರತೆ ಸಿಗುತ್ತದೆ. ಎಫ್‌ಟಿ8ಗೆ ಅದು ಬೇಕಿಲ್ಲ. ಆದರೂ ಜೋಡಿಸಿದ್ದೇನೆ; ಹವ್ಯಾಸದಲ್ಲಿ ಬೇಕು-ಬೇಡದ ಲೆಕ್ಕ ಹಾಕುತ್ತಾ ಕೂತರೆ ರೇಡಿಯೊವನ್ನೇ ಕೊಳ್ಳುತ್ತಿರಲಿಲ್ಲ.

ಇಷ್ಟಾದರೂ ಸಂಜೆಯಾದರೆ ಪರದೆಯ ತುಂಬ ಗದ್ದಲದ ಬಿಳಿ ಪಟ್ಟೆಗಳು. ಆರ್‌ಟಿಎಲ್-ಎಸ್‌ಡಿಆರ್ ಎಂಬ ಯುಎಸ್‌ಬಿ ರೇಡಿಯೊ ಗ್ರಾಹಕವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆವರ್ತನಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶ ಜಿಕ್ಯುಆರ್‌ಎಕ್ಸ್‌ನಲ್ಲಿ 14 ಮೆಗಾಹರ್ಟ್ಸ್ ಸುತ್ತಮುತ್ತಲಿನ ಚಿತ್ರ ತೆರೆದು, ಚಿಕ್ಕದೊಂದು ತಂತಿಯ ಬಳೆ ಹಿಡಿದು ಮೆಟ್ಟಿಲು ಹತ್ತಿ ಇಳಿದೆ. ಸಮ ಅಂತರದ ಗೆರೆಗಳೆಂದರೆ ಸ್ವಿಚಿಂಗ್ ಪವರ್ ಸಪ್ಲೈ ಎಂದರ್ಥ. ಮೊದಲು ನಮ್ಮ ಮನೆಯ ಮೇನ್ ಆರಿಸಿ ನೋಡಿದೆ, ಗೆರೆಗಳು ಕದಲಲಿಲ್ಲ. ಮೆಟ್ಟಿಲ ದಾರಿಯ ಎಲ್‌ಇಡಿ ದೀಪಗಳ ಹತ್ತಿರ ಹೋದಂತೆ ಉಬ್ಬಿದವು. ಕಾರ್ಯದರ್ಶಿಯವರಿಗೆ ತಿಳಿಸಿದರೆ, “ದೀಪ ಉರಿಯುತ್ತಿದೆಯಲ್ಲ ಸರ್, ಇನ್ನೇನು ತೊಂದರೆ?” ಎಂದರು. ಅವರ ದೃಷ್ಟಿಯಲ್ಲಿ ಸರಿಯೇ. ಕೊನೆಗೆ ನನ್ನ ಖರ್ಚಿನಲ್ಲೇ ತಂತಿಗಳಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿಸಿದೆ, ಎರಡು ದೀಪ ಬದಲಾಯಿಸಿದೆ. ಆ ರಾತ್ರಿ ಜಪಾನಿನ ನಿಲ್ದಾಣಗಳು ಸಾಲುಗಟ್ಟಿ ಕಾಣಿಸಿದವು.

ಲಿನಕ್ಸ್ ಮತ್ತು ಹ್ಯಾಮ್, ಈ ಎರಡು ಹವ್ಯಾಸಗಳ ನಂಟು ಹೊಸದಲ್ಲ. ಓಪನ್ ಸೋರ್ಸ್ ವ್ಯಾಖ್ಯೆ ಬರೆದ ಬ್ರೂಸ್ ಪೆರೆನ್ಸ್ ಸ್ವತಃ ಹ್ಯಾಮ್. ತೊಂಬತ್ತರ ದಶಕದಲ್ಲೇ ಲಿನಕ್ಸ್ ಕರ್ನೆಲ್‌ಗೆ ಎಎಕ್ಸ್.25 ಎಂಬ, ರೇಡಿಯೊ ಮೂಲಕ ದತ್ತಾಂಶ ಸಾಗಿಸುವ ಪ್ಯಾಕೆಟ್ ರೇಡಿಯೊ ಕ್ರಮ ಸೇರಿತ್ತು. ಹಾಗಿದ್ದೂ ಡಿ-ಸ್ಟಾರ್‌ನಂತಹ ಡಿಜಿಟಲ್ ಧ್ವನಿ ವ್ಯವಸ್ಥೆಯ ನಡುಮಧ್ಯೆ ಒಂದು ಖಾಸಗಿ ಕೊಡೆಕ್ (ಧ್ವನಿಯನ್ನು ಬಿಟ್‌ಗಳಾಗಿ ಕುಗ್ಗಿಸುವ ವಿಧಾನ) ಕೂತಿದೆ ಎಂಬುದು ನನಗೆ ಸಹಿಸದ ಸಂಗತಿ. ಪ್ರಯೋಗ ಮಾಡಲೆಂದೇ ಪರವಾನಗಿ ಕೊಟ್ಟಿರುವಾಗ ಒಳಗೆ ಇಣುಕಿ ನೋಡಲಾಗದ ಪೆಟ್ಟಿಗೆ ಏಕೆ? ಆಸ್ಟ್ರೇಲಿಯಾದ ಡೇವಿಡ್ ರೋವ್ ಅವರ ಕೊಡೆಕ್2 ಮತ್ತು ಅದರ ಮೇಲೆ ನಿಂತ ಡಿಜಿಟಲ್ ಧ್ವನಿ ತಂತ್ರಾಂಶ ಫ್ರೀಡಿವಿ ಈ ಪ್ರಶ್ನೆಗೆ ಉತ್ತರವಾಗಿಯೇ ಹುಟ್ಟಿದವು. ಧ್ವನಿ ಸ್ವಲ್ಪ ಲೋಹದ ಡಬ್ಬಿಯಲ್ಲಿ ಮಾತಾಡಿದಂತಿದ್ದರೂ ನಾನು ಅದನ್ನೇ ಬಳಸುತ್ತೇನೆ.

ಗಡಿಯಾರ ಸರಿಹೊಂದುವವರೆಗೆ ಡಬ್ಲ್ಯುಎಸ್‌ಜೆಟಿ-ಎಕ್ಸ್ ತೆರೆಯಲು ಬಿಡದ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಬರೆದು, ಕನ್ನಡದ ಟಿಪ್ಪಣಿಯೊಂದಿಗೆ ಎಲ್ಲರಿಗೂ ಸಿಗುವಂತೆ ಇಟ್ಟಿದ್ದೇನೆ. ತುಮಕೂರಿನ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ, “ಸರ್, ಜಿಪಿಎಸ್ ತಂತಿ ಕಿತ್ತರೆ ಇದು ಸುಮ್ಮನೆ ಕಾಯುತ್ತಲೇ ಇರುತ್ತದೆ” ಎಂದು ಬರೆದು, ಪರಿಹಾರವನ್ನೂ ಜೊತೆಗೇ ಕಳುಹಿಸಿದ. ಸೇರಿಸಿಕೊಂಡೆ. ಅವನಿಗೆ ಇನ್ನೂ ಪರವಾನಗಿ ಬಂದಿಲ್ಲ; ಪರೀಕ್ಷೆಗೆ ಅರ್ಜಿ ಹಾಕಿ ಕಾಯುತ್ತಿದ್ದಾನೆ, ಆ ಬಿಡುವಿನಲ್ಲಿ ನನ್ನ ಕೋಡಿನಲ್ಲಿ ಇನ್ನೆರಡು ದೋಷ ಹುಡುಕಿದ್ದಾನೆ.