ಮಾಲ್ಡೀವ್ಸ್ ಪ್ಲಾನ್: ರೂಮ್ ಆಮೇಲೆ, ದೋಣಿ ಮೊದಲು

ಹೋದ ಡಿಸೆಂಬರ್‌ನಲ್ಲಿ ಕುವೆಂಪುನಗರದ ನಮ್ಮ ಪರಿಚಯದ ಹೊಸ ಜೋಡಿಯೊಂದು ಮಾಲ್ಡೀವ್ಸ್‌ಗೆ ಹೋಯಿತು. ನಾಲ್ಕು ರಾತ್ರಿಗೆ ದುಡ್ಡು ಕಟ್ಟಿದ್ದರು, ರೆಸಾರ್ಟ್‌ನಲ್ಲಿ ಮಲಗಿದ್ದು ಮೂರೇ ರಾತ್ರಿ. ವಿಮಾನ ಇಳಿದಾಗ ಸಂಜೆ ಆರು ದಾಟಿತ್ತು. ಅಲ್ಲಿಂದ ರೆಸಾರ್ಟ್‌ಗೆ ಸೀಪ್ಲೇನ್‌ನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋಗಬೇಕು, ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದಿಲ್ಲ. ಬುಕಿಂಗ್ ಮಾಡಿಕೊಟ್ಟ ಏಜೆಂಟ್ ಇದನ್ನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಕೊನೆಗೆ ಏರ್‌ಪೋರ್ಟ್ ಪಕ್ಕದ ಹುಲ್ಹುಮಾಲೆಯಲ್ಲಿ ಇನ್ನೊಂದು ರೂಮಿಗೆ ದುಡ್ಡು ಕೊಟ್ಟು ರಾತ್ರಿ ಕಳೆದರು. ಇಂಥ ಕಥೆ ನನಗೆ ಇದು ಮೂರನೆಯದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಾಸ್‌ಪೋರ್ಟ್. ಇದರಲ್ಲಿ ನಾವು ಅದೃಷ್ಟವಂತರು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅನ್ನುವುದು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾಗಿದ್ದು ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರಿನಲ್ಲಿ. ಅವಧಿ ಆರು ತಿಂಗಳಾದರೂ ಬಾಕಿ ಇರಲಿ. ಮೊದಲೇ ವೀಸಾ ಮಾಡಿಸಬೇಕಿಲ್ಲ, ಇಳಿದ ಮೇಲೆ ಪುಕ್ಕಟೆ ಕೊಡುತ್ತಾರೆ. ವಾಪಸ್ ಟಿಕೆಟ್, ರೂಮ್ ಬುಕಿಂಗ್ ಕಾಗದ ಕೈಯಲ್ಲಿರಲಿ, ಅಷ್ಟೇ.

ಎರಡನೆಯದು ಯಾವಾಗ ಅನ್ನುವುದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ರೇಟು ಜಾಸ್ತಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮುಂಗಾರು, ರೇಟು ಕಡಿಮೆ, ಆದರೆ ಅಲೆ ಜೋರು. ನನ್ನ ಮಾತು ಕೇಳುವುದಾದರೆ ಫೆಬ್ರವರಿ ಅಥವಾ ಮಾರ್ಚ್‌ಗೆ ಹೋಗಿ. ಮಕ್ಕಳ ಪರೀಕ್ಷೆ ಇದೆ ಅಂತೀರಾ? ಹಾಗಾದರೆ ಏಪ್ರಿಲ್.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ನಮಗೆ ದ್ವೀಪ ಅಂದರೆ ಶ್ರೀರಂಗಪಟ್ಟಣ. ಅದೂ ದ್ವೀಪವೇ, ಆದರೆ ಅಲ್ಲಿಗೆ ಸಿಟಿ ಬಸ್ಸು ಹೋಗುತ್ತದೆ, ಎಕ್ಕಾದಿಂದ ಹಿಡಿದು ಲಾರಿವರೆಗೆ ಎಲ್ಲವೂ ಹೋಗುತ್ತದೆ. ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿಲೋಮೀಟರಿಗೂ ಜಾಸ್ತಿ. ಜನವಸತಿ ಇರುವ ಊರು ಇನ್ನೂರರ ಹತ್ತಿರ, ರೆಸಾರ್ಟ್ ಅಂದರೆ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ಹೋಟೆಲ್. ಏರ್‌ಪೋರ್ಟ್ ಕೂಡ ಒಂದು ದ್ವೀಪವೇ. ಬಾಗಿಲು ದಾಟಿ ಹೊರಗೆ ಬಂದರೆ ಆಟೋ ಸ್ಟ್ಯಾಂಡ್ ಇರುವ ಕಡೆ ಸಮುದ್ರ ಇರುತ್ತದೆ, ದೋಣಿಗಳು ಸಾಲಾಗಿ ನಿಂತಿರುತ್ತವೆ. ರಾಜಧಾನಿ ಮಾಲೆ ಮತ್ತು ಹುಲ್ಹುಮಾಲೆಗೆ ಮಾತ್ರ ರಸ್ತೆ ಇದೆ, ಮಾಲೆಗೆ ಸೇತುವೆ ಆಗಿದ್ದೇ 2018ರಲ್ಲಿ.

ಹಾಗಾಗಿ ರೂಮಿನ ಫೋಟೋ ನೋಡುವ ಮೊದಲು ಅಲ್ಲಿಗೆ ಹೋಗುವುದು ಯಾವುದರಲ್ಲಿ ಅಂತ ನೋಡಿ. ಮೂರು ದಾರಿಗಳಿವೆ: ಸ್ಪೀಡ್‌ಬೋಟ್, ಸೀಪ್ಲೇನ್, ಇಲ್ಲವೇ ಒಳನಾಡಿನ ವಿಮಾನ ಹತ್ತಿ ಇಳಿದು ಮತ್ತೆ ದೋಣಿ. ಸೀಪ್ಲೇನ್ ಹಿಡಿಯಬೇಕಾದರೆ ಹೆಚ್ಚುಕಡಿಮೆ ಮಧ್ಯಾಹ್ನ 3.30ರೊಳಗೆ ನಿಮ್ಮ ವಿಮಾನ ಇಳಿದಿರಬೇಕು. ಹೋಗಿಬರಲು ತಲೆಗೆ ನಾನೂರು ಡಾಲರ್ ಮೇಲೆಯೇ ಆಗುವುದು ಮಾಮೂಲು, ಲಗೇಜಿಗೂ ತೂಕದ ಮಿತಿ ಇದೆ. ರೂಮ್ ಅಗ್ಗ ಸಿಕ್ಕಿತು ಅಂತ ಕುಣಿಯುವವರು ಈ ದುಡ್ಡನ್ನು ಕೂಡಿಸಿರುವುದಿಲ್ಲ. ನಾಲ್ಕು ಜನರ ಸಂಸಾರಕ್ಕೆ ಲೆಕ್ಕ ಹಾಕಿ ನೋಡಿ, ಕೆಲವು ಸಲ ದಾರಿಯ ಖರ್ಚೇ ರೂಮಿನ ಬಾಡಿಗೆಯನ್ನು ಮೀರಿಸುತ್ತದೆ.

ದುಡ್ಡು ಕಟ್ಟುವ ಮೊದಲು ಹೋಟೆಲಿನವರಿಗೆ ಮೆಸೇಜ್ ಹಾಕಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ನನ್ನ ವಿಮಾನ ಇಷ್ಟು ಗಂಟೆಗೆ ಇಳಿಯುತ್ತದೆ, ಅವತ್ತೇ ನಿಮ್ಮಲ್ಲಿಗೆ ತಲುಪಬಹುದಾ? ನೀವು ಹೇಳಿದ ದೋಣಿ ರೇಟು ಒಂದು ಕಡೆಗಾ, ಎರಡೂ ಕಡೆಗಾ? ಮಕ್ಕಳಿಗೆ ಎಷ್ಟು? ವಾಪಸ್ ಬರುವ ದಿನ ಕೊನೆಯ ದೋಣಿ ಎಷ್ಟಕ್ಕೆ? ಈ ಕೊನೆಯ ಪ್ರಶ್ನೆ ಕೇಳುವಾಗ ಯಾವ ಗಡಿಯಾರದ ಪ್ರಕಾರ ಅಂತಲೂ ಕೇಳಿ. ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ. ಕೆಲವು ರೆಸಾರ್ಟ್‌ಗಳು ಮಾಲೆಗಿಂತ ಒಂದು ಗಂಟೆ ಮುಂದೆ ಗಡಿಯಾರ ಇಟ್ಟುಕೊಂಡಿರುತ್ತವೆ. ತಮಾಷೆ ಅಲ್ಲ, ನಿಜ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಾಫುಶಿ ಅಥವಾ ಅಂಥದ್ದೇ ಹತ್ತಿರದ ಊರು. ಏರ್‌ಪೋರ್ಟ್‌ನಿಂದ ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟಬಹುದು. ಗೆಸ್ಟ್‌ಹೌಸ್‌ಗಳಿವೆ, ಪಕ್ಕದ ರೆಸಾರ್ಟ್‌ಗೆ ಒಂದು ದಿನ ಹೋಗಿಬರಬಹುದು. ಜನ ಜಾಸ್ತಿ ಅಂತ ಮೂಗು ಮುರಿಯುವವರಿದ್ದಾರೆ, ಮುರಿಯಲಿ. ಮಾಲೆಯಿಂದ ಸರಕಾರಿ ಫೆರ್ರಿಯೂ ಇದೆ, ತುಂಬಾ ಅಗ್ಗ, ಆದರೆ ಶುಕ್ರವಾರ ಅವರಿಗೆ ರಜೆ. ಶುಕ್ರವಾರ ಇಳಿದು ಫೆರ್ರಿಗೆ ಕಾಯಬೇಡಿ. ಸ್ಪೀಡ್‌ಬೋಟ್‌ನಲ್ಲಿ ಹಿಂದಿನ ಸೀಟು ಹಿಡಿಯಿರಿ. ಚೆನ್ನಾಗಿ ಕಾಣುತ್ತದೆ ಅಂತ ಮುಂದೆ ಕೂತರೆ ಪ್ರತಿ ಅಲೆಗೂ ಸೊಂಟ ಎದ್ದು ಬೀಳುತ್ತದೆ.

ರೂಮಿನ ಬೆಲೆ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಕಂಡರೆ ಹುಷಾರು. ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, ಜೊತೆಗೆ ಜಿಎಸ್‌ಟಿ ಬೇರೆ. 2025ರಿಂದ ಹಸಿರು ತೆರಿಗೆಯೂ ಏರಿದೆ: ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಊರಿರುವ ದ್ವೀಪದಲ್ಲಿ ಐವತ್ತು ಅಥವಾ ಅದಕ್ಕಿಂತ ಕಡಿಮೆ ರೂಮಿನ ಗೆಸ್ಟ್‌ಹೌಸ್‌ನಲ್ಲಿ 6.

ಪ್ಯಾಕಿಂಗ್. ನಮ್ಮ ಅತ್ತೆ ಎಲ್ಲಿಗೆ ಹೋದರೂ ಕುಂಕುಮದ ಭರಣಿಯ ಜೊತೆ ಹೆಬ್ಬೆರಳಷ್ಟು ದೊಡ್ಡ ಹಿತ್ತಾಳೆ ಚಾಮುಂಡಮ್ಮನನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಪೂಜೆಯ ವಿಗ್ರಹ ಆ ದೇಶಕ್ಕೆ ಒಯ್ಯುವ ಹಾಗಿಲ್ಲ, ಮದ್ಯ ಮತ್ತು ಹಂದಿಮಾಂಸವೂ ಇಲ್ಲ. ಬ್ಯಾಗ್ ಬಿಚ್ಚಿ ದೇವರನ್ನು ಮನೆಯಲ್ಲೇ ಬಿಡಿಸಲು ನಮಗೆ ಒಂದು ಸಂಜೆ ಹಿಡಿಯಿತು. ಸಸ್ಯಾಹಾರಿಗಳು ಚಟ್ನಿಪುಡಿ, ಕೋಡುಬಳೆ ಧಾರಾಳವಾಗಿ ತುಂಬಿಕೊಳ್ಳಿ. ಅಲ್ಲಿನ ತಿಂಡಿ ಮಸ್ ಹುನಿ ನೋಡಲು ಥೇಟ್ ನಮ್ಮ ಕೋಸಂಬರಿ, ತುರಿದ ಕಾಯಿಯೂ ಇರುತ್ತದೆ, ಆದರೆ ಕಾಯಿ ಜೊತೆ ಇರುವುದು ಟ್ಯೂನಾ ಮೀನು. ಊರಿರುವ ದ್ವೀಪಗಳಲ್ಲಿ ಈಜುಡುಗೆ ಗೊತ್ತುಮಾಡಿದ ಬೀಚಿನಲ್ಲಿ ಮಾತ್ರ. ಪ್ಲಗ್ಗು ಅಲ್ಲಿ ಚೌಕ ಕಾಲಿನ ಮೂರು ಪಿನ್ನಿನದು, ಅಡಾಪ್ಟರ್ ಇಲ್ಲೇ ಕೊಂಡುಕೊಳ್ಳಿ.

ಫೋನಿಗೆ ನೀರು ತಾಗದ ಚೀಲ ಅಂತ ನೂರೈವತ್ತು ರೂಪಾಯಿಗೆ ಮಾರುತ್ತಾರಲ್ಲ, ಅದನ್ನು ನಂಬಬೇಡಿ. ಒಳಗೆ ಟಿಶ್ಯೂ ಪೇಪರ್ ಹಾಕಿ, ಬಕೆಟ್ ನೀರಿನಲ್ಲಿ ಕಲ್ಲಿಟ್ಟು ಅರ್ಧ ಗಂಟೆ ಮುಳುಗಿಸಿ. ನಾನು ತಂದ ಎರಡರಲ್ಲಿ ಒಂದರ ಪೇಪರ್ ಮುದ್ದೆಯಾಗಿತ್ತು.

ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನುವ ಮಾಲ್ಡೀವ್ಸ್ ಸರಕಾರದ ಸೈಟಿನಲ್ಲಿ ಫಾರ್ಮ್ ತುಂಬಬೇಕು. ಪೂರ್ತಿ ಪುಕ್ಕಟೆ. ದುಡ್ಡು ಕೇಳಿದರೆ ನೀವು ಬೇರೆ ಯಾವುದೋ ಸೈಟಿನಲ್ಲಿದ್ದೀರಿ, ಸುಮ್ನೆ ಮುಚ್ಚಿ.

ಮೈಸೂರಿನಿಂದ ಕೆಂಪೇಗೌಡ ಏರ್‌ಪೋರ್ಟ್‌ಗೆ ಫ್ಲೈಬಸ್ ಸಾಕು. ನಾಲ್ಕು ಗಂಟೆ ಅಂತಾರೆ, ಐದು ಇಟ್ಟುಕೊಳ್ಳಿ. ಅಲ್ಲಿಂದ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆ ಆಸುಪಾಸು, ಅಂದರೆ ಬಸ್ಸಿನದ್ದರ ಅರ್ಧ.

ವಾಪಸ್ ಬರುವಾಗ ಇಮುಗಾ ಮತ್ತೊಮ್ಮೆ ತುಂಬಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಆಮೇಲೆ ಮಕ್ಕಳ ಚಡ್ಡಿ ಜೇಬು ತಡಕಿ ನೋಡಿ. ಹವಳದ ಚೂರು ತರುವ ಹಾಗಿಲ್ಲ. ನಮ್ಮ ಹುಡುಗನ ಜೇಬಿನಲ್ಲಿ ಏಳು ಸಿಕ್ಕವು, ದೋಣಿ ಹತ್ತುವ ಮೊದಲು ಎಣಿಸಿ ಎಣಿಸಿ ನೀರಿಗೆ ಹಾಕಿಸಿದೆ.