ಸಾಮ್ಯತೆ ವರದಿ: ಆ ಶೇಕಡಾ ಸಂಖ್ಯೆ ಬರುವುದು ಹೇಗೆ?

ಪಿಎಚ್‌.ಡಿ ಮಹಾಪ್ರಬಂಧ ಸಲ್ಲಿಸುವ ಮುನ್ನ ಗ್ರಂಥಾಲಯದಿಂದ ಸಾಮ್ಯತೆ ವರದಿ ಬರುತ್ತದೆ: ನಿಮ್ಮ ಬರಹ ಬೇರೆ ಬರಹಗಳಿಗೆ ಎಷ್ಟು ಹೊಂದುತ್ತದೆ ಎಂದು ತಂತ್ರಾಂಶ ಕೊಡುವ ಲೆಕ್ಕ. ಅದರಲ್ಲಿ ಒಂದು ಸಂಖ್ಯೆ ದಪ್ಪಕ್ಷರದಲ್ಲಿ ಕೂತಿರುತ್ತದೆ: ಶೇ 18 ಎಂದುಕೊಳ್ಳಿ. ಅಷ್ಟು ಭಾಗ ಕದ್ದದ್ದು ಎಂದು ಓದುವವರೇ ಹೆಚ್ಚು. ತಂತ್ರಾಂಶಕ್ಕೆ ಕಳವು ಗೊತ್ತಿಲ್ಲ, ಅದಕ್ಕೆ ಬರುವುದು ಎಣಿಕೆ ಮಾತ್ರ.

ಮೊದಲು ಕಡತದಿಂದ ಪಠ್ಯ ಹೊರಗೆ ಬರಬೇಕು. ಕನ್ನಡದ ಪ್ರಬಂಧಗಳು ಎಡವುವುದು ಇಲ್ಲೇ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೆ ಯಾವ ಜಾಲತಾಣವೂ ಹೊಂದುವುದಿಲ್ಲ, ವರದಿ ‘ಶೇ 0’ ಎನ್ನುತ್ತದೆ. ಆ ಸೊನ್ನೆಯನ್ನು ನಂಬಬೇಡಿ. ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಕನ್ನಡವೇ ಬಂದರೆ ಸರಿ, ಇಲ್ಲದಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳಿಸಿ. ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ ಆದರೆ ಅದರಲ್ಲಿ ಪಠ್ಯವೇ ಇರುವುದಿಲ್ಲ, ಬರೀ ಚಿತ್ರ.

ಆಮೇಲೆ ತುಂಡರಿಸುವುದು. ‘ಕಾವೇರಿ ನದಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ’ ಎಂಬಲ್ಲಿ 8 ಪದಗಳಿವೆ. ಐದೈದು ಪದಗಳ ತುಂಡು ಮಾಡಿದರೆ 1–5, 2–6, 3–7, 4–8 ಎಂದು ಒಂದರ ಮೇಲೊಂದು ಹಾಯುವ 4 ತುಂಡು. ಪ್ರತಿ ತುಂಡಿಗೂ ಒಂದು ಸಂಖ್ಯಾ ಗುರುತು. ಹುಡುಕಾಟ ನಡೆಯುವುದು ಈ ಗುರುತುಗಳ ನಡುವೆ. ‘ಕೊಡಗಿನ’ ಬದಲಿಸಿದರೆ 3 ತುಂಡು ಮುರಿದು ಕೊನೆಯದು ಉಳಿಯುತ್ತದೆ. ‘ಹುಟ್ಟಿ’ಯನ್ನು ‘ಉಗಮಿಸಿ’ ಮಾಡಿದರೆ ನಾಲ್ಕೂ ಮುರಿಯುತ್ತವೆ. ಅಷ್ಟಕ್ಕೇ ಬಚಾವಾಗುವುದಿಲ್ಲ: ಅಕ್ಕಪಕ್ಕದ ವಾಕ್ಯಗಳು ಒಂದೇ ಆಕರಕ್ಕೆ ಹೊಂದಿದರೆ ನಡುವಿನ ಬಿರುಕನ್ನು ಹೊಲಿದು ಇಡೀ ಪ್ಯಾರಾಕ್ಕೆ ಬಣ್ಣ ಬಳಿಯುವ ತಂತ್ರಾಂಶಗಳಿವೆ.

ಕೊನೆಗೆ ಭಾಗಾಕಾರ. ಹೊಂದಿದ ಪದಗಳನ್ನು ಒಟ್ಟು ಪದಗಳಿಂದ ಭಾಗಿಸುವುದು, ಅಷ್ಟೇ. 40,000 ಪದಗಳಲ್ಲಿ 7,200 ಹೊಂದಿದರೆ ಶೇ 18. ಆ 40,000ದಲ್ಲಿ ಆಕರಸೂಚಿಯೇ 5,000 ಪದ, ಅವುಗಳಲ್ಲಿ 4,000 ಹೊಂದಿವೆ ಎನ್ನಿ (ಪುಸ್ತಕದ ಹೆಸರನ್ನು ಎಲ್ಲರೂ ಒಂದೇ ರೀತಿ ಬರೆಯಬೇಕಲ್ಲ!). ಅದನ್ನು ಹೊರಗಿಟ್ಟರೆ 35,000ಕ್ಕೆ 3,200, ಅಂದರೆ ಶೇ 9.1.

ಈ ವ್ಯತ್ಯಾಸ ಸಣ್ಣದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇ 10ರವರೆಗೆ ದಂಡನೆಯಿಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಪರಿಷ್ಕೃತ ಪ್ರತಿ ಸಲ್ಲಿಸಲು ಒಂದು ವರ್ಷ ನಿರ್ಬಂಧ. 60 ದಾಟಿದರೆ ನೋಂದಣಿಯೇ ರದ್ದು. ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಮೂಲ ಹೇಳಿದ ಉದ್ಧರಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಅದೇ ನಿಯಮ ಹೇಳುತ್ತದೆ. ಆದರೆ ಆ ಆಯ್ಕೆಗಳನ್ನು ಒತ್ತಬೇಕಾದವರು ಮನುಷ್ಯರು. ಟರ್ನಿಟಿನ್ ಎಂಬ ತಪಾಸಣಾ ತಂತ್ರಾಂಶದಲ್ಲಿ ಶೇ 24ರವರೆಗೂ ಹಸಿರು ಬಣ್ಣವೇ, ಹಸಿರು ನೋಡಿ ನಿರಾಳವಾಗಬೇಡಿ.

ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗೂ ಅದೇ ನಿಯಮದಲ್ಲಿ ವಿನಾಯಿತಿ ಇದೆ. ಇದು ಇಂಗ್ಲಿಷಿನ ಅಳತೆ. ಮೇಲಿನ ಕಾವೇರಿ ವಾಕ್ಯವನ್ನೇ ಇಂಗ್ಲಿಷಿಗೆ ತಂದರೆ ಸುಮಾರು 15 ಪದ ಆಗಿ ಗೆರೆ ದಾಟುತ್ತದೆ. ವಿಭಕ್ತಿಯೆಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ ಎಂಟಕ್ಕೇ ಮುಗಿಯುತ್ತದೆ. ಕನ್ನಡ ಪ್ರಬಂಧಕ್ಕೆ ತಂತ್ರಾಂಶದಲ್ಲಿ ಈ 14 ಪದಗಳ ಸೋಸುಕವನ್ನು (ಫಿಲ್ಟರ್) 7 ಅಥವಾ 8ಕ್ಕೆ ಇಳಿಸಿ ಇನ್ನೊಮ್ಮೆ ನೋಡುವುದು ಮಾರ್ಗದರ್ಶಕರಿಗೆ ಒಳ್ಳೆಯದು.

ವರದಿ ಕೈಗೆ ಬಂದಾಗ ಒಟ್ಟು ಸಂಖ್ಯೆ ಬಿಟ್ಟು ಆಕರಗಳ ಪಟ್ಟಿಗೆ ಹೋಗಿ. ಅರವತ್ತು ಕಡೆ ಚಿಲ್ಲರೆ ಚಿಲ್ಲರೆಯಾಗಿ ಹೊಂದಿದ ಶೇ 15, ಹೆಚ್ಚಾಗಿ ಆ ವಿಷಯದ ರೂಢಿಯ ಮಾತುಗಳಿಂದ ಬಂದದ್ದು. ಒಂದೇ ಪ್ರಬಂಧದಿಂದ ಬಂದ ಶೇ 8 ಇದ್ದರೆ ಆ ಪುಟಗಳನ್ನು ಎದುರುಬದುರು ಇಟ್ಟು ಓದಲೇಬೇಕು. ಪಟ್ಟಿಯ ತುದಿಯಲ್ಲಿ ಶೇ 90ರ ಆಕರ ಕಂಡರೆ ಗಾಬರಿ ಬೇಡ. ಬಹುಮಟ್ಟಿಗೆ ಅದು ಕಳೆದ ತಿಂಗಳು ನೀವೇ ತಪಾಸಣೆಗೆ ಕೊಟ್ಟ ಕರಡು, ತಂತ್ರಾಂಶ ಹೋಲಿಸಿ ನೋಡುವ ಬರಹಗಳ ಭಂಡಾರ ಸೇರಿಕೊಂಡಿರುತ್ತದೆ. ಕರಡು ಕೊಡುವಾಗಲೇ ‘ಭಂಡಾರದಲ್ಲಿ ಉಳಿಸಬೇಡ’ ಎಂಬ ಆಯ್ಕೆ ಒತ್ತಲು ಗ್ರಂಥಪಾಲಕರಿಗೆ ಹೇಳಿ.